ಅನಾನಸ್ ಕದ್ದವರು ಕೈ ಎತ್ತಿ

ಸುವಾ ಪಟ್ಟಣದಿಂದ ವಾರದ ದೋಣಿಯಲ್ಲಿ ವಾಪಸು ಬಂದಿಳಿದ ಎಮೊಸಿ ಮಾಸ್ತರರ ಕೊರಳಲ್ಲಿ, ಹೋಗುವಾಗ ಇರದಿದ್ದ ಎರಡು ವಸ್ತುಗಳು ನೇತಾಡುತ್ತಿದ್ದವು. ಒಂದು ಟೈ, ಇನ್ನೊಂದು ವಿಷಲ್. ಟೈಯನ್ನು ಅವರು ದಾಸವಾಳದ ಹೂವು ತುಂಬಿದ ಅಂಗಿಯ ಮೇಲೆ ಕಟ್ಟಿದ್ದರು. ಸೊಂಟಕ್ಕೆ ಎಂದಿನ ಸುಲು ಪಂಚೆ ಸುತ್ತಿ, ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು, ಮೊಣಕಾಲುದ್ದದ ನೀರಿನಲ್ಲಿ ನಡೆದು ಬರುತ್ತಿದ್ದರು. ದಡದಲ್ಲಿ ನಿಂತವರಿಗೆ, ಮೇಲಿನ ಅರ್ಧ ಮಂತ್ರಿಯೂ ಕೆಳಗಿನ ಅರ್ಧ ಮೀನು ಹಿಡಿಯುವವನೂ ಒಟ್ಟಿಗೆ ಬರುತ್ತಿರುವಂತೆ ಕಂಡಿತು.

"ಸೈನಿಯಪ್ಪಾ, ಆ ಕೊರಳಿಗೆ ಏನು ಸುತ್ತಿಕೊಂಡಿದೀಯ? ಗಂಟಲು ನೋವಾ?" ಎಂದು ಹೆಂಡತಿ ಊನೈಸಿ ದಡದಿಂದಲೇ ಕೂಗಿದಳು. ಹಿರಿಮಗಳ ಹೆಸರು ಹಿಡಿದೇ ಅವಳು ಗಂಡನನ್ನು ಕರೆಯುವುದು.

"ಇದು ಟೈ ಕಣೇ."

"ಬಿಚ್ಚು. ಹಂದಿಗಳು ಹೆದರಿಕೊಂಡಾವು."

ಮಾಸ್ತರರು ನವೂದಿ ಶಾಲೆಯಲ್ಲಿ ಬೇಸಾಯ ಕಲಿಸುತ್ತಿದ್ದರು. ಶಾಲೆಯ ಮರಗೆಣಸಿನ ತೋಟ, ಅನಾನಸ್ ಸಾಲು, ಹಂದಿಗೂಡು ಎಲ್ಲವೂ ಅವರ ಸುಪರ್ದಿಗೆ ಸೇರಿದ್ದವು. ‘ಮಕ್ಕಳಲ್ಲಿ ನಾಯಕತ್ವ ಮತ್ತು ನಡತೆ’ ಎಂಬ ವಾರದ ತರಬೇತಿಗೆ ನ್ಯಾಯವಾಗಿ ಹೋಗಬೇಕಾಗಿದ್ದವರು ಮುಖ್ಯೋಪಾಧ್ಯಾಯಿನಿ ಲಿತಿಯಾನ ಮೇಡಂ. ಅವರಿಗೆ ದೋಣಿಯೆಂದರೆ ವಾಂತಿ. ಯಾರು ಒಂದು ವಾರ ಇಲ್ಲದಿದ್ದರೆ ಶಾಲೆಗೆ ಗೊತ್ತೇ ಆಗುವುದಿಲ್ಲ ಎಂದು ಅವರು ಕೂತು ಯೋಚಿಸಿ ಎಮೊಸಿಯವರನ್ನು ಆರಿಸಿದ್ದರು. ಇದನ್ನು ಮಾಸ್ತರರು ತಮ್ಮ ಯೋಗ್ಯತೆಗೆ ಸಂದ ಗೌರವವೆಂದು ತಿಳಿದಿದ್ದರಲ್ಲಿ ಅವರ ತಪ್ಪೇನೂ ಇಲ್ಲ.

ಮರುದಿನ ಬೆಳಿಗ್ಗೆ ಅವರು ಟೈ ಸಮೇತ ಮೇಡಂ ಎದುರು ನಿಂತರು.

"ಇನ್ಮೇಲೆ ನಾನು ಬರೀ ಬೇಸಾಯದ ಮಾಸ್ತರಲ್ಲ ಮೇಡಂ. ನಾಯಕತ್ವದ ಮಾಸ್ತರ."

"ಹಂದಿಗಳಿಗೆ ಹೇಳಿದ್ರಾ? ಒಂದು ವಾರದಿಂದ ನಿಮ್ಮ ದಾರಿ ಕಾಯ್ತಾ ಇದಾವೆ."

"ನಗಬೇಡಿ ಮೇಡಂ. ಒಂಬತ್ತನೇ ತರಗತಿ ನನಗೆ ಕೊಡಿ. ಒಬ್ಬೊಬ್ಬರನ್ನೂ ನಾಯಕರನ್ನಾಗಿ ಮಾಡದಿದ್ದರೆ ಕೇಳಿ."

ಲಿತಿಯಾನ ಮೇಡಂ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಯಾರದೋ ಹಣೆಬರಹ ತೀರ್ಮಾನವಾಯಿತೆಂದೇ ಲೆಕ್ಕ. "ಟರ್ಮ್ ಕೊನೆ ಶುಕ್ರವಾರ ಪಟ್ಟಣದಿಂದ ಶಿಕ್ಷಣಾಧಿಕಾರಿ ಬರ್ತಾರೆ. ಯಾರೋ ಹೊಸಬರಂತೆ. ಅಲ್ಲೀತನಕ ನಿಮ್ಮ ಪಾಠ ನಡೀಲಿ. ಅವರು ಒಪ್ಪಿದ್ರೆ ಮುಂದೂ ನಡೀತದೆ. ಒಪ್ಪದಿದ್ರೆ ಟೈ ತೆಗೆದಿಟ್ಟು ಪೂರ್ತಿ ಹಂದಿಗೂಡಿಗೆ ಹೋಗ್ತೀರಿ. ಆಗಬಹುದಾ?"

"ಆಗಬಹುದು" ಎಂದರು ಮಾಸ್ತರರು. ಅವರ ದನಿಯಲ್ಲಿದ್ದ ಛಲವನ್ನು ಕೇಳಿ ಕಿಟಕಿಯಲ್ಲಿ ಕೂತಿದ್ದ ಕೋಳಿಯೊಂದು ಹಾರಿಹೋಯಿತು.

ಮೊದಲ ಪಾಠ: ನಾಯಕನಾದವನು ಮುಂದೆ ನಿಲ್ಲುತ್ತಾನೆ. ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿತೆಂದರೆ, ಆ ದಿನ ಬಾವಿಯಿಂದ ನೀರು ತರಲು ಹೋದ ಇಡೀ ತರಗತಿ ಮುಂದೆ ನಡೆಯಲು ಹೋಗಿ ಓಡಿ ಶಾಲೆ ಸೇರಿತು. ಬಕೆಟ್ಟುಗಳು ಬಾವಿಯ ಹತ್ತಿರವೇ ಉಳಿದವು. ಹಿಂದೆ ಉಳಿದು ಬಕೆಟ್ ಹೊತ್ತು ತಂದವಳು ಒಬ್ಬಳೇ ಲೊಸೇನ. ನೆಲ ನೋಡಿಕೊಂಡು ನಡೆಯುವ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಉಳಿದರ್ಧವನ್ನು ನುಂಗಿಬಿಡುವ ಹುಡುಗಿ. ಊರ ಕೊನೆಯ ಮನೆಯಲ್ಲಿ ಅಜ್ಜಿಯ ಜೊತೆ ಇದ್ದಳು.

"ಲೊಸೇನ, ನೀನು ಹಿಂದೆ ಉಳಿದೆ" ಎಂದರು ಮಾಸ್ತರರು ವಿಷಾದದಿಂದ. "ಹೀಗಾದ್ರೆ ಹೆಂಗಮ್ಮ?"

ಲೊಸೇನ ಎರಡೂ ಕೈಯ ಬಕೆಟ್ ಇಳಿಸಿ, ಉಳಿದವನ್ನು ತರಲು ಮತ್ತೆ ಬಾವಿಯ ಕಡೆ ನಡೆದಳು.

ಎರಡನೆಯ ಪಾಠ: ಕೊಟ್ಟ ಮಾತಿಗೆ ತಪ್ಪಬಾರದು. ಮೂರನೆಯದು: ತನ್ನವರು ತಪ್ಪು ಮಾಡಿದರೆ ನಾಯಕನಾದವನು ಎದ್ದು ನಿಂತು, ಆ ತಪ್ಪು ನನ್ನದು ಎನ್ನಬೇಕು. ಈ ಮೂರನೆಯ ಪಾಠವನ್ನು ಹೇಳುವಾಗ ಮಾಸ್ತರರ ಕಣ್ಣಲ್ಲಿ ನೀರು ಬಂದಿತ್ತು. ಎಲ್ಲರಿಗಿಂತ ದಪ್ಪಗಿದ್ದ ಮಾನಿಟರ್ ಕೆಲೆಪಿಯೂ ಅತ್ತುಬಿಟ್ಟ. ಇಷ್ಟು ಚೆನ್ನಾಗಿ ಕಲಿಸಿದ ಪಾಠ ಮುಂದೆ ಏನೇನು ಮಾಡಲಿದೆ ಎಂಬುದು ಆಗ ಗುರುವಿಗೂ ಗೊತ್ತಿರಲಿಲ್ಲ, ಶಿಷ್ಯರಿಗೂ ಗೊತ್ತಿರಲಿಲ್ಲ.

ಬಾಯಿಪಾಠವಾಯಿತು, ಇನ್ನು ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕಲ್ಲ? ಮಾಸ್ತರರು ರಸ್ತೆ ಬದಿಯ ಹಲಸಿನ ಮರದ ಕೆಳಗೆ ಬಿದಿರಿನದೊಂದು ಅಟ್ಟಣೆ ಕಟ್ಟಿಸಿದರು. ಮಕ್ಕಳು ಬೆಳೆದ ಅನಾನಸ್, ಮರಗೆಣಸು, ತೆಂಗಿನಕಾಯಿಗಳನ್ನು ಅದರ ಮೇಲೆ ಜೋಡಿಸಿದರು. ಊನೈಸಿ ಅಮ್ಮನ ಕಾಲದ ನೀಲಿ ಅಂಚಿನ ತಟ್ಟೆಯಲ್ಲಿ ಅನಾನಸ್ ಪೈ ಮಾಡಿ ಇಟ್ಟಳು. ಮೇಲೊಂದು ಹಲಗೆ ತೂಗಿತು: ‘ನಂಬಿಕೆಯ ಅಟ್ಟಣೆ. ಕಾವಲಿಲ್ಲ. ಬೇಕಾದ್ದು ತೆಗೆದುಕೊಳ್ಳಿ, ಬದಲಿಗೆ ಏನಾದರೂ ಇಡಿ.’

ಎದುರುಗಡೆಯೇ ಬೈಜನಾಥನ ಅಂಗಡಿ. ಸಕ್ಕರೆ, ಸೀಮೆಎಣ್ಣೆ, ಡಬ್ಬಿ ಮೀನು ಮಾರುತ್ತ, ಉಳಿದ ಹೊತ್ತಿನಲ್ಲಿ ಊರಿನವರ ಭವಿಷ್ಯ ಹೇಳುತ್ತ ಕೂರುವ ಮನುಷ್ಯ. ಅವನು ಗಲ್ಲಾದ ಹಿಂದಿನಿಂದಲೇ ಹಲಗೆಯನ್ನು ಎರಡು ಸಲ ಓದಿದ.

"ಎಮೊಸಿ ಭಾಯಿ, ನನ್ನ ಅಂಗಡೀಲಿ ನಾನೇ ಕೂತಿದ್ರೂ ಬಿಸ್ಕತ್ತು ಮಾಯ ಆಗ್ತದೆ. ನೀನು ಯಾರೂ ಕೂರಲ್ಲ ಅಂತ ಹಲಗೆ ಬೇರೆ ಹಾಕಿದೀಯ."

"ನಿನ್ನದು ವ್ಯಾಪಾರ ಬೈಜು. ಇದು ನಡತೆ."

"ನಿಮ್ಮ ದೆಲಾಮೊಲಿಯವರು ಬಂದ್ರೆ? ಅವರ ನಡತೆ ಗೊತ್ತಲ್ಲ?"

ಇದಕ್ಕೆ ಮಾಸ್ತರರು ಜೋರಾಗಿ ನಕ್ಕರು. ದೆಲಾಮೊಲಿ ದ್ವೀಪದವರೂ ನವೂದಿಯವರೂ ಒಬ್ಬರಿಗೊಬ್ಬರು ತೌವು. ಎರಡೂ ಊರಿನ ಮೂಲಪುರುಷ ಒಬ್ಬನೇ ಎಂದು ಹಿರಿಯರು ಹೇಳುತ್ತಾರೆ. ಆದ್ದರಿಂದ ಅವರು ಇವರನ್ನೂ ಇವರು ಅವರನ್ನೂ ಮುಖದ ಮೇಲೆಯೇ ಬೈಯಬಹುದು, ಕಣ್ಣೆದುರಿಗೇ ಬೇಕಾದ್ದನ್ನು ಎತ್ತಿಕೊಂಡು ಹೋಗಬಹುದು. ಕಳೆದುಕೊಂಡವರು ನಗಬೇಕು. ಸಿಟ್ಟು ಬಂದವರು ಸೋತಂತೆ. ಹೋದ ವರ್ಷ ಹಾಡಲು ಬಂದ ದೆಲಾಮೊಲಿಯ ಚರ್ಚಿನವರು ಹೋಗುವಾಗ ಊರ ಯಜಮಾನರ ಹುಂಜವನ್ನೂ ಚರ್ಚಿನ ಪರದೆಯನ್ನೂ ಒಯ್ದಿದ್ದರು. ಯಜಮಾನರು ಹೊಟ್ಟೆ ಹಿಡಿದು ನಕ್ಕು, ಮನೆಗೆ ಹೋಗಿ ಎರಡು ದಿನ ಊಟ ಬಿಟ್ಟಿದ್ದರು.

"ಅವರು ಬಂದ್ರೆ ಊರಿಗೇ ಕೇಳೋ ಹಾಗೆ ಕಿರುಚಿಕೊಂಡು ಬರ್ತಾರೆ. ಕದ್ದು ಒಯ್ಯೋದು ಅವರ ಜಾಯಮಾನ ಅಲ್ಲ" ಎಂದರು ಮಾಸ್ತರರು. ಮಾತೇನೋ ನಿಜವೇ.

ವಾರಗಟ್ಟಲೆ ಅಟ್ಟಣೆ ಚೆನ್ನಾಗಿ ನಡೆಯಿತು. ಅನಾನಸ್ ಒಯ್ದವರು ಮೀನು ಇಟ್ಟರು, ಮೀನು ಒಯ್ದವರು ಬಾಳೆಗೊನೆ ಇಟ್ಟರು. ಬೈಜನಾಥ ಕೂಡ ಯಾರೂ ಇಲ್ಲದ ಹೊತ್ತು ನೋಡಿ ಒಂದು ತುಂಡು ಪೈ ತೆಗೆದುಕೊಂಡು ಮಾವಿನ ಉಪ್ಪಿನಕಾಯಿಯ ಶೀಶೆ ಇಟ್ಟ. ಮಾಸ್ತರರ ಎದೆ ದಿನದಿನಕ್ಕೆ ಉಬ್ಬಿ ಟೈ ಗಿಡ್ಡವಾಗತೊಡಗಿತು. ಅಧಿಕಾರಿ ಬರುವ ವಾರ ಬಂತು.

ಆ ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಅಟ್ಟಣೆ ಬೋಳು. ಅನಾನಸ್ ಇಲ್ಲ, ಉಪ್ಪಿನಕಾಯಿ ಇಲ್ಲ, ಆಗತಾನೇ ಇಟ್ಟ ಪೈ ತಟ್ಟೆಯ ಸಮೇತ ಇಲ್ಲ. ಬದಲಿಗೆ ಇಟ್ಟದ್ದು ಒಂದು ಒಣಗಿದ ತೆಂಗಿನ ಸಿಪ್ಪೆ.

"ನಮ್ಮಮ್ಮನ ತಟ್ಟೆ!" ಎಂದು ಊನೈಸಿ ತಲೆಯ ಮೇಲೆ ಕೈ ಹೊತ್ತಳು. "ಸೈನಿಯಪ್ಪಾ, ನಿನ್ನ ನಡತೆ ಪಾಠ ನನ್ನ ತಟ್ಟೆ ತಿಂತು!"

ದಡದಲ್ಲಿ ದೆಲಾಮೊಲಿಯ ದೋಣಿ ಇರಲಿಲ್ಲ. ಊಟದ ಹೊತ್ತಿಗೆ, ಬೈಜನಾಥನೂ ಅಂಗಡಿ ಮುಚ್ಚಿ ಮಲಗಿದ್ದಾಗ, ಸರಕಾರದ ಲಾಂಚೊಂದು ಬಂದು ನೀರು ತುಂಬಿಸಿಕೊಂಡು ಪಕ್ಕದ ದ್ವೀಪಕ್ಕೆ ಹೋಗಿತ್ತು, ಅಷ್ಟೇ. ಸರಕಾರದವರು ತೆಂಗಿನ ಸಿಪ್ಪೆ ಇಟ್ಟು ಹೋಗುತ್ತಾರೆಯೇ? ಹಾಗಾದರೆ ಉಳಿದವರು ಶಾಲೆಯ ಮಕ್ಕಳು ಮಾತ್ರ.

ಬುಧವಾರ ಬೆಳಿಗ್ಗೆ ಮಾಸ್ತರರು ವಿಷಲ್ ಊದಿ ಒಂಬತ್ತನೇ ತರಗತಿಯನ್ನು ನಿಲ್ಲಿಸಿದರು. ಕೋಪವಿಲ್ಲದೆ, ಸುವಾದಲ್ಲಿ ಕಲಿಸಿದಂತೆ ಮೃದುವಾಗಿ ಕೇಳಿದರು. "ಮಕ್ಕಳೇ, ಅನಾನಸ್ ತಗೊಂಡವರು ಕೈ ಎತ್ತಿ. ಯಾರಿಗೂ ಹೊಡೆಯಲ್ಲ."

ಎಲ್ಲರಿಗಿಂತ ಮೊದಲು ಕೆಲೆಪಿಯ ಕೈ ಮೇಲೆದ್ದಿತು.

"ನಾನೇ ತಗೊಂಡಿದ್ದು ಮಾಸ್ತರೇ. ತಪ್ಪು ನನ್ನದು."

ಮಾಸ್ತರರಿಗೆ ದುಃಖವೂ ಆಯಿತು, ನಿರಾಳವೂ ಆಯಿತು. ಆದರೆ ಅವರು ಬಾಯಿ ತೆರೆಯುವ ಮೊದಲೇ ಸಾಕಿಯೂಸ ಎದ್ದ. "ಇಲ್ಲ ಮಾಸ್ತರೇ, ಅವನು ಸುಳ್ಳು ಹೇಳ್ತಾನೆ. ನಾನು ತಗೊಂಡಿದ್ದು."

"ಏಯ್, ನಾನು ಮಾನಿಟರ್ ಕಣೋ! ನಾನು ಮೊದಲು ಹೇಳ್ದೆ!" ಎಂದ ಕೆಲೆಪಿ.

"ಮೊದಲು ಹೇಳಿದ ಮಾತ್ರಕ್ಕೆ ಕದ್ದಂಗಾಯ್ತಾ?"

"ಇವರಿಬ್ರೂ ಅಲ್ಲ ಮಾಸ್ತರೇ, ನಾನು" ಎಂದ ಬೈಜನಾಥನ ಮೊಮ್ಮಗ ರವಿನ್. ಉತ್ಸಾಹ ತಡೆಯಲಾರದೆ, "ತಾತನ ಅಂಗಡಿ ಬಿಸ್ಕತ್ತೂ ನಾನೇ" ಎಂದು ಸೇರಿಸಿದ. ಇದೊಂದು ಮಾತ್ರ ನಿಜವಾಗಿತ್ತು.

ಕೊನೆಗೆ ಇಡೀ ತರಗತಿ ನಿಂತಿತ್ತು, ಎಲ್ಲರ ಕೈ ಮೇಲಿತ್ತು, ಎಲ್ಲರ ಮುಖದಲ್ಲೂ ನಾಯಕತ್ವ ತುಳುಕುತ್ತಿತ್ತು. ಒಬ್ಬಳು ಮಾತ್ರ ಕೈ ಕಟ್ಟಿ ಕೂತಿದ್ದಳು.

"ಲೊಸೇನ?"

"ನಾನು ತಗೊಂಡಿಲ್ಲ ಮಾಸ್ತರೇ."

ತರಗತಿಯೆಲ್ಲ ತಿರುಗಿ ಅವಳನ್ನು ನೋಡಿತು. ಇಷ್ಟು ಜನ ಒಪ್ಪಿಕೊಂಡಿರುವಾಗ ಒಬ್ಬಳೇ ಇಲ್ಲ ಅನ್ನುತ್ತಾಳೆಂದರೆ ಕಳ್ಳಿ ಯಾರೆಂದು ಬೇರೆ ಹೇಳಬೇಕೆ?

ಸಂಜೆಯ ಹೊತ್ತಿಗೆ ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ ಹೆಮ್ಮೆಯಿಂದ ವಿಷಯ ಹೇಳಿದ್ದರು. ‘ಮಾಸ್ತರ ಮುಂದೆ ಎದ್ದು ನಿಂತು, ನಾನೇ ಕದ್ದೆ ಅಂತ ಒಪ್ಪಿಕೊಂಡೆ’ ಎಂದು ಮಗ ಹೇಳಿದರೆ ಯಾವ ತಂದೆ ‘ಭಲೇ’ ಅನ್ನುತ್ತಾನೆ? ಪ್ರತಿ ಮನೆಯಲ್ಲೂ ಮೊದಲು ಮಗನಿಗೆ ಎರಡು ಬಿದ್ದವು. ಆಮೇಲೆ ಹಿತ್ತಲಿನಲ್ಲಿ ಯಂಗೋನ ಬೇರು ಅಗೆಯುವ ಸದ್ದು ಕೇಳತೊಡಗಿತು.

ನವೂದಿಯಲ್ಲಿ ತಪ್ಪು ಮಾಡಿದರೆ ಮನೆಯವರೆಲ್ಲ ಯಂಗೋನದ ಕಟ್ಟು ಹಿಡಿದು ಹೋಗಿ, ತಲೆ ತಗ್ಗಿಸಿ ಕೂತು ಕ್ಷಮೆ ಕೇಳಬೇಕು. ಬೇಡ ಎನ್ನುವಂತಿಲ್ಲ. ಬೇರು ಮುಟ್ಟಿ ಸ್ವೀಕರಿಸಬೇಕು, ಮತ್ತು ಬರಿಸುವ ಆ ಬೇರನ್ನು ಕುಟ್ಟಿ ನೀರಲ್ಲಿ ಕಲಸಿ, ಬಂದವರೊಂದಿಗೆ ಕರಟದಲ್ಲಿ ಕುಡಿಯಬೇಕು. ಅಲ್ಲಿಗೆ ತಪ್ಪು ಮಣ್ಣಾಯಿತು. ಒಂದು ತಪ್ಪಿಗೆ ಒಂದು ಮನೆಯವರು ಬರುವ ಊರಿನಲ್ಲಿ ಇದು ಬಹಳ ಒಳ್ಳೆಯ ಪದ್ಧತಿ.

ಮೊದಲು ಕೆಲೆಪಿಯ ತಂದೆ ಬಂದ. ಬಾಗಿಲಲ್ಲಿ ಕೂತು, ತಗ್ಗಿಸಿದ ತಲೆ ಎತ್ತದೆ, "ನಮ್ಮ ಮನೆ ಮಾನ ನಿಮ್ಮ ಕಾಲಡಿ ಇದೆ ಮಾಸ್ತರೇ. ಈ ಬೇರು, ಈ ಚಾಪೆ, ಹೊರಗೆ ಕಟ್ಟಿರೋ ಹಂದಿಮರಿ..." ಎಂದು ಬೇರಿನ ಕಟ್ಟನ್ನು ಮುಂದಕ್ಕೆ ತಳ್ಳಿದ.

"ಅಯ್ಯೋ, ನಾಲ್ಕು ಅನಾನಸ್‌ಗೆ ಹಂದಿಮರಿ ಯಾಕಪ್ಪ..."

"ಕೊಡಬೇಡಿ ಅನ್ನಬೇಡಿ. ಬರೀ ಬೇರು ತಂದ್ರೆ ಸಾಕಿಯೂಸನ ಅಪ್ಪ ಏನಂತಾನೆ?"

ಮಾಸ್ತರರು ಬೇರು ಮುಟ್ಟಿದರು. ಬೊಗಸೆ ಚಪ್ಪಾಳೆ ತಟ್ಟಿದರು. ‘ಬುಲಾ’ ಎಂದು ಕುಡಿದರು. ಅವನು ಎದ್ದು ಹೋಗುವ ಮೊದಲೇ ಸಾಕಿಯೂಸನ ಅಪ್ಪ ಇನ್ನೂ ದೊಡ್ಡ ಕಟ್ಟಿನೊಂದಿಗೆ ಬಾಗಿಲಲ್ಲಿ ಕೂತಿದ್ದ. ಅವನ ಹಿಂದೆ ಇನ್ನೊಬ್ಬ. ಸಾಲು ಬೇಲಿ ದಾಟಿ ಬೈಜನಾಥನ ಅಂಗಡಿಯವರೆಗೂ ಬೆಳೆಯಿತು. ಅಂಗಡಿಯಿಂದ ಬೈಜನಾಥನೂ ಇಳಿದು ಅದರಲ್ಲಿ ಸೇರಿಕೊಂಡ. ಅವನ ಕೈಯಲ್ಲಿ ಬೇರು ಇರಲಿಲ್ಲ, ಡಬ್ಬಿ ಮೀನಿನ ಪೆಟ್ಟಿಗೆ ಇತ್ತು.

ಮೂರನೆಯ ಮನೆಯವರ ಹೊತ್ತಿಗೆ ಮಾಸ್ತರರ ತುಟಿ ಮರಗಟ್ಟಿತು. ಐದನೆಯ ಮನೆಯವರ ಹೊತ್ತಿಗೆ ನಾಲಿಗೆ ಎಲ್ಲಿದೆಯೆಂದು ತಿಳಿಯಲಿಲ್ಲ. ಆಮೇಲೆ ಬಂದವರಿಗೆಲ್ಲ ಅವರು ಮಾತಿಲ್ಲದೆ ಬರೀ ತಲೆಯಾಡಿಸಿದರು. ಅದನ್ನು ಕಂಡು ಬಂದವರು, ಮಾಸ್ತರಿಗೆ ಇನ್ನೂ ಕೋಪ ಇಳಿದಿಲ್ಲವೆಂದು ಹೆದರಿ ಮನೆಗೆ ಓಡಿ ಇನ್ನೊಂದು ಚಾಪೆ ತಂದರು.

ಗುರುವಾರ ಬೆಳಿಗ್ಗೆ ಲಿತಿಯಾನ ಮೇಡಂ ಬಂದು ನೋಡಿದಾಗ, ಅಂಗಳದಲ್ಲಿ ಹಂದಿಗಳು ಕಿರುಚುತ್ತಿದ್ದವು, ಜಗಲಿಯ ತುಂಬ ಚಾಪೆಯ ಸುರುಳಿಗಳು, ಗೆಡ್ಡೆಯ ರಾಶಿ. ನಡುವೆ ನಾಯಕತ್ವದ ಮಾಸ್ತರರು ಗೋಡೆಗೊರಗಿ ಸ್ವರ್ಗ ನೋಡುತ್ತಿದ್ದರು.

"ಏನಿದು ಎಮೊಸಿ?"

"ಥಪ್ಪೊಪ್ಪಿಗೆ ಮೇಡಂ" ಎಂದರು ಮಾಸ್ತರರು ದಪ್ಪ ನಾಲಿಗೆಯಲ್ಲಿ.

"ಅಲ್ರೀ, ಅಟ್ಟಣೆ ಖಾಲಿ, ನಿಮ್ಮ ಅಂಗಳ ಭರ್ತಿ! ನಾಳೆ ಆ ಮನುಷ್ಯ ಬಂದು ನೋಡಿದ್ರೆ ಏನು ತಿಳ್ಕೋತಾನೆ? ನಡತೆ ಪಾಠ ಅಂತ ಹೇಳಿ ಊರು ಲೂಟಿ ಮಾಡಿದಾರೆ ಅನ್ನಲ್ವಾ?"

ಊನೈಸಿ ಒಳಗಿನಿಂದ, "ಇಷ್ಟೆಲ್ಲ ಬಂತು, ನಮ್ಮಮ್ಮನ ತಟ್ಟೆ ಒಂದು ಬರಲಿಲ್ಲ" ಎಂದಳು.

ಮೇಡಂ ಕನ್ನಡಕ ಒರೆಸಿ ತೀರ್ಪು ಕೊಟ್ಟರು. ಬಂದದ್ದೆಲ್ಲ ಶುಕ್ರವಾರ ಅಟ್ಟಣೆ ಏರಬೇಕು. ಕಳವಿನ ಮಾತು ಯಾರೂ ಎತ್ತಕೂಡದು. "ಮತ್ತೆ ಆ ಹುಡುಗಿ ಲೊಸೇನ. ಒಬ್ಬಳೇ ಒಪ್ಪಿಲ್ಲವಂತೆ. ಅವಳ ಹತ್ರ ಒಪ್ಪಿಸಿ ಮುಗಿಸಿಬಿಡಿ, ಅಧಿಕಾರಿ ಎದುರಿಗೆ ಅಪಸ್ವರ ಬೇಡ."

ಮಾಸ್ತರರು ಸಂಜೆ ಊರ ಕೊನೆಯ ಮನೆಗೆ ಹೋದರು. ಲೊಸೇನಳ ಅಜ್ಜಿ ಅಂಗಳದಲ್ಲಿ ಕೂತು ತಾಳೆಗರಿ ಸೀಳುತ್ತಿದ್ದಳು.

"ಯಂಗೋನ ಕೇಳೋಕೆ ಬಂದ್ಯೇನೋ ಎಮೊಸಿ? ನಮ್ಮ ಮನೇದು ಬರಲ್ಲ. ಹುಡುಗಿ ತಗೊಂಡಿಲ್ಲ ಅಂದಳು, ಮುಗೀತು. ತಗೊಳ್ಳದೇ ಇದ್ದದ್ದಕ್ಕೆಲ್ಲ ಬೇರು ಅಗೀತಾ ಕೂತರೆ ಹಿತ್ತಲು ಉಳಿಯತ್ತಾ?"

ಮಾಸ್ತರರು ಅಜ್ಜಿಯ ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತರು. "ನೋಡಮ್ಮ ಲೊಸೇನ. ಎಲ್ಲರೂ ಒಪ್ಪಿಕೊಂಡಿದಾರೆ. ನೀನೊಬ್ಬಳೇ ಹಿಂದೆ ಉಳಿದಿದೀಯ."

"ತಗೊಂಡಿಲ್ಲವಲ್ಲ ಮಾಸ್ತರೇ. ಹೆಂಗೆ ತಗೊಂಡೆ ಅನ್ನಲಿ?"

"ಅವರೂ ಎಲ್ಲ ತಗೊಂಡಿರಲಿಕ್ಕಿಲ್ಲ. ಆದರೂ ಅಂದರಲ್ಲ? ನಾಯಕಿ ಆಗಬೇಕಾದ್ರೆ ಸ್ವಲ್ಪ ಹೊಂದಿಕೊಂಡು ಹೋಗಬೇಕು."

ಲೊಸೇನ ಕಾಲಿನ ಹೆಬ್ಬೆರಳಿನಿಂದ ಮರಳಲ್ಲಿ ಗೀಟು ಎಳೆದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಕಣ್ಣು ತುಂಬಿಕೊಂಡಿತ್ತು. "ನನ್ನ ಕಳ್ಳಿ ಅಂತಾ ಇದಾರೆ" ಎಂದಳು. ಅರ್ಧ ಉತ್ತರ. ಉಳಿದರ್ಧ ಒಳಗೇ ಹೋಯಿತು.

ಮಾಸ್ತರರು ದಾರಿಯುದ್ದಕ್ಕೂ ಟೈ ತಿರುಚುತ್ತ ಮನೆಗೆ ಬಂದರು. ಮನೆ ಮುಟ್ಟುವಷ್ಟರಲ್ಲಿ ಒಂದು ನಿರ್ಧಾರಕ್ಕೂ ಬಂದಿದ್ದರು. ಅವರ ನಿರ್ಧಾರಗಳು ಸಾಮಾನ್ಯವಾಗಿ ತಡವಾಗಿ ಬರುತ್ತಿದ್ದವು, ಬಂದ ಮೇಲೆ ಮಾತ್ರ ಕದಲುತ್ತಿರಲಿಲ್ಲ. "ಊನೈಸಿ, ನಾಳೆ ಅಧಿಕಾರಿ ಬಾಯಲ್ಲಿ ಕಳವಿನ ಮಾತು ಬಂದ್ರೆ ನಾನೇ ತಗೊಂಡೆ ಅಂತೀನಿ. ಮಕ್ಕಳಿಗೆ ಹೇಳಿಕೊಟ್ಟವನು ನಾನು."

"ತಟ್ಟೆ ಏನು ಮಾಡಿದೆ ಅಂತ ಕೇಳಿದ್ರೆ ಏನಂತೀಯ?"

ಮಾಸ್ತರರು ಟೈಯನ್ನು ಇನ್ನೊಂದು ಸುತ್ತು ತಿರುಚಿದರು.

ಶುಕ್ರವಾರ ಸರಕಾರದ ಲಾಂಚಿನಿಂದ ಇಳಿದ ಶಿಕ್ಷಣಾಧಿಕಾರಿ ರುಸಿಯಾತೆ ದುಂಡುಮುಖದ, ಸದಾ ತುಟಿ ಅದುಮಿಕೊಂಡ ಮನುಷ್ಯ. ಯಾವುದೋ ನಗೆಯನ್ನು ಬಾಯೊಳಗೆ ಇಟ್ಟುಕೊಂಡು ಬಂದವರಂತೆ ಕಾಣುತ್ತಿದ್ದರು. ತಲೆಗೆ ಟೋಪಿ, ಹೆಗಲಿಗೆ ದೊಡ್ಡ ಚೀಲ, ಕಾಲಲ್ಲಿ ಮಿರಮಿರ ಮಿಂಚುವ ಚಪ್ಪಲಿ. ಅಟ್ಟಣೆಯ ಎದುರು ಬಂದವರೇ ಗಕ್ಕನೆ ನಿಂತರು. ಬಿದಿರು ಬಾಗುವಷ್ಟು ಚಾಪೆ, ಗೆಡ್ಡೆ, ಯಂಗೋನದ ಕಟ್ಟುಗಳು. ಕೆಳಗೆ ಕಟ್ಟಿದ ಹಂದಿಗಳು.

"ಇದೇನು... ಇದೆಲ್ಲ ಯಾರು ಇಟ್ಟಿದ್ದು?"

"ನಂಬಿಕೆ ಸಾರ್" ಎಂದರು ಲಿತಿಯಾನ ಮೇಡಂ. "ನಮ್ಮೂರಲ್ಲಿ ಹಿಂಗೇ."

ಚಾಪೆ ಹಾಸಿದ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಧಿಕಾರಿ ಒಳಗೆ ಕೂತರು. ಸ್ವಾಗತದ ಯಂಗೋನ ಕೊಡಲು ಬಂದ ಮಾಸ್ತರರು, ಅದರ ವಾಸನೆಗೇ ಮುಖ ತಿರುಗಿಸಿ ಕರಟ ಚಾಚಿದರು. ಹಾಡಾಯಿತು, ಭಾಷಣವಾಯಿತು. ಅಧಿಕಾರಿ ಮಾತ್ರ ಏನನ್ನೋ ಕಾಯುತ್ತಿರುವಂತೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಯಾರೂ ಏನೂ ಹೇಳದಿದ್ದಾಗ, "ನಿಮ್ಮೂರಿನ ಅನಾನಸ್ ಬಲು ಸಿಹಿಯಂತೆ?" ಎಂದರು.

"ಹೌದು ಸಾರ್" ಎಂದರು ಮೇಡಂ.

"ಪೈ ಕೂಡ ಚೆನ್ನಾಗಿರತ್ತಂತೆ? ಉಪ್ಪಿನಕಾಯಿ ಮಾತ್ರ ಸ್ವಲ್ಪ ಖಾರವಂತೆ?"

ಬಾಗಿಲಲ್ಲಿ ನಿಂತಿದ್ದ ಬೈಜನಾಥ ಹುಬ್ಬು ಗಂಟಿಕ್ಕಿದ.

"ಆ ಅಟ್ಟಣೆಯಿಂದ ಯಾವತ್ತೂ ಏನೂ ಕಳುವಾಗಿಲ್ವಾ?"

"ಯಾವತ್ತೂ ಇಲ್ಲ ಸಾರ್!"

"ಈ ಮಂಗಳವಾರ?"

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಚಾಡಿ ಹೇಳಿದ್ದಾರೆ! ಮೇಡಂ ಕನ್ನಡಕ ಒರೆಸಲು ಹೋಗಿ ಬೀಳಿಸಿಕೊಂಡರು. ಆಗ ಎಮೊಸಿ ಮಾಸ್ತರರು ಎದ್ದು ನಿಂತರು. ಟೈ ಸರಿಮಾಡಿಕೊಂಡರು.

"ಮಂಗಳವಾರ ಕಳವಾಗಿದ್ದು ನಿಜ ಸಾರ್. ತಗೊಂಡವನು ನಾನು."

ಅಧಿಕಾರಿಯ ಬಾಯಿ ತೆರೆದುಕೊಂಡಿತು. "ನೀವಾ?"

"ಮಾಸ್ತರಲ್ಲ ಸಾರ್, ನಾನು!" ಕೆಲೆಪಿ ಎದ್ದ. "ನಾನು ಸಾರ್!" ಸಾಕಿಯೂಸ. "ನಾನು! ಬಿಸ್ಕತ್ತೂ ನಾನೇ!" ರವಿನ್. ತರಗತಿಗೆ ತರಗತಿಯೇ ಎದ್ದಿತು. ಮಗನ ಮಾನ ಉಳಿಸಲು ಕೆಲೆಪಿಯ ಅಪ್ಪನೂ ಕೈ ಎತ್ತಿದ.

"ಏನ್ರೀ ಇದು ಅನ್ಯಾಯ!" ಅಧಿಕಾರಿ ನೆಲ ಗುದ್ದಿದರು. "ಬಿಸಿಲಲ್ಲಿ ಅಷ್ಟೂ ಅನಾನಸ್ ಹೊತ್ತುಕೊಂಡು ಲಾಂಚಿಗೆ ಸಾಗಿಸಿದವನು ನಾನು! ಸಿಪ್ಪೆ ಹುಡುಕಿ ಇಟ್ಟವನು ನಾನು! ನೀವೆಲ್ಲ ಎದ್ದು ನಿಂತು ನನ್ನ ಕಳವನ್ನೇ ಕದೀತೀರಲ್ರೋ?"

ಲಿತಿಯಾನ ಮೇಡಂ ಕಣ್ಣು ಒರೆಸಿಕೊಂಡರು. "ನೋಡಿದ್ರಾ ಮಕ್ಕಳೇ? ಇಷ್ಟು ದೊಡ್ಡ ಅಧಿಕಾರಿ ನಿಮ್ಮ ತಪ್ಪನ್ನ ತಮ್ಮ ಮೇಲೆ ಹಾಕ್ಕೋತಾ ಇದಾರೆ. ನಾಯಕತ್ವ ಅಂದ್ರೆ ಇದು!"

ಜೋರು ಚಪ್ಪಾಳೆ ಬಿತ್ತು.

"ಹಾಕ್ಕೋತಾ ಇಲ್ಲಮ್ಮ, ನಿಜವಾಗ್ಲೂ ನಾನೇ!"

"ಚೆನ್ನಾಗಿ ಹೇಳಿದ್ರಿ ಸಾರ್" ಎಂದ ಕೆಲೆಪಿ ಅನುಭವಸ್ಥನ ಗತ್ತಿನಲ್ಲಿ. "ಆದ್ರೆ ನಿಂತುಕೊಂಡು ಹೇಳಬೇಕು."

ಅಧಿಕಾರಿ ನಿಂತುಕೊಂಡೇ ಹೇಳಿದರು. ಆಗಲೂ ಯಾರೂ ನಂಬಲಿಲ್ಲ. ಬೆವರು ಒರೆಸುತ್ತ ಸುತ್ತ ನೋಡಿದವರಿಗೆ ಮೂಲೆಯಲ್ಲಿ ಕೂತಿದ್ದ ಲೊಸೇನ ಕಂಡಳು. ಮುಳುಗುವವರು ಹಲಗೆ ಕಂಡಂತೆ ಕೂಗಿದರು. "ಏ ಮಗೂ! ನೀನು ಹೇಳಮ್ಮ! ಈಗ ಹೇಳಬಹುದು!"

ಲೊಸೇನ ಎದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ನೆಲ ನೋಡಲಿಲ್ಲ. "ಇವರೇ ತಗೊಂಡಿದ್ದು. ನಾನು ಬಾವಿಗೆ ಹೋಗೋವಾಗ ನೋಡಿದೆ. ಶುಕ್ರವಾರದವರೆಗೂ ಯಾರಿಗೂ ಹೇಳಬೇಡ ಅಂದ್ರು. ಹೂಂ ಅಂದೆ."

"ಕಳ್ಳಿ ಅಂತ ಊರೆಲ್ಲ ಅಂದ್ರೂ ಹೇಳಲಿಲ್ವೇ?" ಮಾಸ್ತರರ ದನಿ ಉಡುಗಿತ್ತು.

"ಹೂಂ ಅಂದಿದ್ದೆನಲ್ಲ ಮಾಸ್ತರೇ. ಎರಡನೇ ಪಾಠ."

ಅಷ್ಟರಲ್ಲಿ ಊನೈಸಿ ಯಾರ ಅಪ್ಪಣೆಗೂ ಕಾಯದೆ ಅಧಿಕಾರಿಯ ಚೀಲಕ್ಕೆ ಕೈ ಹಾಕಿದ್ದಳು. ನೀಲಿ ಅಂಚಿನ ತಟ್ಟೆ ಹೊರಬಂತು. "ಯಾವೂರಯ್ಯ ನಿಂದು?" ಎಂದು ಗುಡುಗಿದಳು.

ಅಧಿಕಾರಿ ಮೂರು ದಿನದಿಂದ ಅದುಮಿಟ್ಟಿದ್ದ ನಗೆಯನ್ನು ಕೊನೆಗೂ ಬಿಟ್ಟರು. "ದೆಲಾಮೊಲಿ! ಏನು ಮಾಡ್ಕೋತೀರಿ ಮಾಡ್ಕೊಳ್ರಿ, ನವೂದಿಯ ಮರಗೆಣಸು ತಲೆಗಳೇ!"

ತೌವು! ಸಭಾಂಗಣದ ಚಾವಣಿ ಹಾರುವಂತೆ ನಗೆಯೆದ್ದಿತು. "ಸರಕಾರದ ಲಾಂಚಲ್ಲಿ ಕದಿಯೋಕೆ ಬರೋ ಮಟ್ಟಕ್ಕೆ ಇಳಿದ್ರೇನ್ರೋ ದೆಲಾಮೊಲಿಯವರು!" ಎಂದು ಲೊಸೇನಳ ಅಜ್ಜಿ ಹಿಂದಿನಿಂದ ಕೂಗಿದಳು. ಹುಂಜ ಕಳೆದುಕೊಂಡಿದ್ದ ಯಜಮಾನರು ಅಧಿಕಾರಿಯ ತಲೆಯ ಮೇಲಿನ ಟೋಪಿ ಎತ್ತಿ ತಮ್ಮ ತಲೆಗೆ ಇಟ್ಟುಕೊಂಡರು. ಅಧಿಕಾರಿ ನಗುತ್ತಲೇ ಕೊಟ್ಟರು.

ನಗೆ ಇಳಿದ ಮೇಲೆ ಅವರು ಲೊಸೇನಳ ಕಡೆ ನೋಡಿ ಸ್ವಲ್ಪ ಗಂಭೀರವಾದರು. "ನಾನು ಹುಡುಗಾಟಕ್ಕೆ ಹೇಳಿದ ಮಾತು. ಇವಳು ಇಷ್ಟು ಕಷ್ಟಪಟ್ಟು ಉಳಿಸಿಕೊಂಡಿದಾಳೆ ಅಂತ ಗೊತ್ತಿರಲಿಲ್ಲ. ಮೇಡಂ, ಈ ಪಾಠ ನಿಲ್ಲಿಸಬೇಡಿ. ಆದ್ರೆ ಮಾಸ್ತರೇ, ಆ ಮೂರನೇ ಪಾಠ ಸ್ವಲ್ಪ ತಿದ್ದಿ. ಇಲ್ಲಾಂದ್ರೆ ಮುಂದೆ ಈ ಊರಲ್ಲಿ ನಿಜವಾದ ಕಳ್ಳನಿಗೆ ಜಾಗವೇ ಸಿಗಲ್ಲ."

ಬಂದ ಹಂದಿಗಳಲ್ಲಿ ಒಂದು ಮಾತ್ರ ಉಳಿದು, ಮಿಕ್ಕವು ಮಧ್ಯಾಹ್ನದ ಊಟವಾದವು. ತಂದವರೆಲ್ಲ ಕೂತು ತಿಂದರು. ಊಟ ಮುಗಿದು ಅಧಿಕಾರಿ ಹೊರಡಲು ಬಾಗಿಲಿಗೆ ಬಂದರೆ ಚಪ್ಪಲಿ ಇಲ್ಲ.

ಮಾಸ್ತರರು ವಿಷಲ್ ಊದಿದರು. ತರಗತಿ ಸಾಲಾಗಿ ನಿಂತಿತು.

"ಸಾಹೇಬರ ಚಪ್ಪಲಿ ತಗೊಂಡವರು ಕೈ ಎತ್ತಿ."

ಕೆಲೆಪಿಯ ಕೈ ಅಭ್ಯಾಸಬಲದಿಂದ ಅರ್ಧ ಮೇಲೆದ್ದಿತು. ಅವನು ಲೊಸೇನಳನ್ನು ಓರೆಗಣ್ಣಲ್ಲಿ ನೋಡಿದ. ಕೈ ಕೆಳಗಿಳಿಯಿತು. "ನಾನು ತಗೊಂಡಿಲ್ಲ ಮಾಸ್ತರೇ."

"ನಾನೂ ತಗೊಂಡಿಲ್ಲ."

"ನಾನೂ ಇಲ್ಲ. ಬಿಸ್ಕತ್ತೂ ಬಿಟ್ಟೆ."

ಸಾಲು ಪೂರ್ತಿ ಹೀಗೇ ಬಂತು. ಕೊನೆಯವಳು ಒಂದು ಹೆಜ್ಜೆ ಮುಂದೆ ಬಂದಳು. ಆವತ್ತಿನವರೆಗೆ ಅವಳು ಯಾವುದರಲ್ಲೂ ಮುಂದೆ ಬಂದಿರಲಿಲ್ಲ.

"ನಾನು ತಗೊಂಡೆ ಮಾಸ್ತರೇ" ಎಂದಳು ಲೊಸೇನ. "ಬದಲಿಗೆ ಅಟ್ಟಣೆ ಮೇಲೆ ಅನಾನಸ್ ಇಟ್ಟಿದೀನಿ."

ಊರಿಗೆ ಊರೇ ಅಧಿಕಾರಿಯ ಮುಖ ನೋಡಿತು. ಕಿವಿ ಕೆಂಪಾಯಿತು, ಮೂಗಿನ ಹೊಳ್ಳೆ ಅರಳಿತು, ಇನ್ನೇನು ಸಿಟ್ಟು ಬಂತು ಅನ್ನುವಷ್ಟರಲ್ಲಿ ಅವರು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಅನಾನಸ್ ಕಂಕುಳಲ್ಲಿ ಇರುಕಿಕೊಂಡು, ಕಾದ ಮರಳಿನ ಮೇಲೆ ಒಂದು ಕಾಲು ಇಟ್ಟು ಒಂದು ಕಾಲು ಎತ್ತಿ ಕುಣಿಯುತ್ತ ಲಾಂಚಿನ ಕಡೆ ಓಡಿದರು.

"ನಿಧಾನ ಸಾಹೇಬ್ರೇ! ದೆಲಾಮೊಲಿಯವರಿಗೆ ಚಪ್ಪಲಿ ಹಾಕಿ ಅಭ್ಯಾಸ ಇ‌ಲ್ಲ ಅನ್ಕೊಂಡಿದ್ವಿ!" ಎಂದು ಊನೈಸಿ ತಟ್ಟೆ ಎದೆಗವಚಿಕೊಂಡು ಕೂಗಿದಳು.

ಲೊಸೇನ ಹಲಸಿನ ಮರದ ಹಿಂದಿನಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡಳು. ಅವಳ ಕಾಲಿಗೆ ಅವು ದೋಣಿಯಷ್ಟಾಗುತ್ತಿದ್ದವು. ಟಪ್ ಟಪ್ ಎಂದು ಸದ್ದು ಮಾಡುತ್ತ ಊಟ ಮುಗಿಸಿ ಆಗಲೇ ಮನೆ ಸೇರಿದ್ದ ಅಜ್ಜಿಗೆ ತೋರಿಸಲು ಮನೆಯ ದಾರಿ ಹಿಡಿದಳು. ಕೆಲೆಪಿ ಏನೂ ಹೇಳದೆ ಅವಳ ಹಿಂದೆ ಹೆಜ್ಜೆ ಹಾಕಿದ. ಅವನ ಹಿಂದೆ ಸಾಕಿಯೂಸ, ಅವನ ಹಿಂದೆ ರವಿನ್. ನೋಡುತ್ತಿದ್ದಂತೆ ತರಗತಿಯೆಲ್ಲ ಒಬ್ಬರ ಹಿಂದೆ ಒಬ್ಬರಾಗಿ ಹೊರಟಿತು. ಮುಂದೆ ಹೋಗಲು ಯಾರೂ ಯಾರನ್ನೂ ತಳ್ಳಲಿಲ್ಲ.

ಮಾಸ್ತರರು ವಿಷಲ್ ಬಾಯಿಗಿಟ್ಟವರು ಊದದೆ ಕೆಳಗಿಳಿಸಿದರು. ಟೈ ಸಡಿಲಿಸಿ ಸಾಲಿನ ಕೊನೆಗೆ ತಾವೂ ಸೇರಿಕೊಂಡರು. ಅವರ ಹಿಂದೆ, ಊಟಕ್ಕಾಗದೆ ಉಳಿದಿದ್ದ ಆ ಒಂದು ಹಂದಿ.